ಇಲ್ಲಿ ನಾನು ಯಾರ ಜೊತೆಗಿದ್ದೇನೆ?

ಕಳೆದ ಮಳೆಗಾಲದಲ್ಲಿ ನಾನು ಬರೆದ ಸ್ಟ್ರಿಂಗ್ ಕ್ವಾರ್ಟೆಟ್‌ನ ಮೊದಲ ಭಾಗವನ್ನು ಹನ್ನೊಂದು ಮಂದಿಗೆ ಕಳಿಸಿದೆ. ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ, ತಗ್ಗುದನಿಯ ಒಂದು ವಯೋಲಾ, ಇನ್ನೂ ದೊಡ್ಡದಾದ ಒಂದು ಚೆಲ್ಲೊ. 148 ಬಾರ್ (ತಾಳದ ಆವರ್ತದಂಥ ಅಳತೆ), ಸುಮಾರು ಆರೂವರೆ ನಿಮಿಷ. ಕಾಲೇಜಿನಲ್ಲಿ ಗಣಿತ ಕಲಿಸಿ ಸಂಜೆ ಕಾರವಾರದ ಕೋಡಿಬಾಗದ ಮನೆಗೆ ಬಂದ ಮೇಲೆ, ರಾತ್ರಿ ಒಂಬತ್ತರ ನಂತರ ಸಿಗುವ ಹೊತ್ತಿನಲ್ಲಿ, ಹದಿನಾಲ್ಕು ತಿಂಗಳು ಕೂತು ಬರೆದದ್ದು. ಹನ್ನೊಂದರಲ್ಲಿ ಏಳು ಜನ ‘ತುಂಬಾ ಚೆನ್ನಾಗಿದೆ’ ಎಂದು ಬರೆದರು. ಅವರೆಲ್ಲರೂ ನನ್ನವರೇ, ಮನಸಾರೆ ಹೇಳಿದವರೇ. ಆದರೂ ಪ್ರತಿ ಸಲ ಆ ಮಾತು ಓದಿದಾಗ ಒಂದು ತೆರನಾದ ಖಾಲಿತನ ಆವರಿಸುತ್ತಿತ್ತು. ಎಲ್ಲಿ ಚೆನ್ನಾಗಿದೆ, ಎಲ್ಲಿಯವರೆಗೆ ಕೇಳಿದಿರಿ, ಎಲ್ಲಿ ಮನಸ್ಸು ಕಿಟಕಿಯಾಚೆ ಹೋಯಿತು ಎಂದು ಕೇಳಬೇಕೆನಿಸುತ್ತಿತ್ತು. ಕೇಳಿದರೆ ಮೆಚ್ಚಿದವರನ್ನೇ ಪರೀಕ್ಷೆಗೆ ಕೂರಿಸಿದಂತಾಗುತ್ತದೆ ಎಂದು ಸುಮ್ಮನಾಗುತ್ತಿದ್ದೆ. ಆ ಸಂಗೀತದಲ್ಲಿ ಏನೋ ಸರಿಯಿಲ್ಲ ಎಂಬುದು ನನಗೆ ಗೊತ್ತಿತ್ತು. ಅದು ಎಲ್ಲಿದೆ ಎಂಬುದು ಮಾತ್ರ ಕೈಗೆ ಸಿಗುತ್ತಿರಲಿಲ್ಲ.

ಉಳಿದ ನಾಲ್ವರು ಸ್ವರಲಿಪಿ ಓದಬಲ್ಲವರು. ಅವರಲ್ಲೊಬ್ಬರು ಇಡೀ ಎರಡು ಪುಟವನ್ನು ತಾವೇ ತಿದ್ದಿ ಬರೆದು ಕಳಿಸಿದರು. ಬರವಣಿಗೆ ಸೊಗಸಾಗಿಯೇ ಇತ್ತು, ಆದರೆ ಅದು ಅವರ ಸಂಗೀತ; ನನ್ನ ಮನೆಗೆ ಬಂದು ನನ್ನ ಸಾಮಾನನ್ನೆಲ್ಲ ಸರಿಸಿ ತಮ್ಮದನ್ನು ಜೋಡಿಸಿಟ್ಟು ಹೋದಂತಿತ್ತು. ಇನ್ನು ಮೂವರ ವಿಷಯ ವಿಚಿತ್ರ. ಒಬ್ಬರನ್ನೊಬ್ಬರು ಅರಿಯದ ಆ ಮೂವರೂ 70ನೇ ಬಾರ್‌ನ ಆಸುಪಾಸಿಗೇ ಬೆರಳಿಟ್ಟಿದ್ದರು. ಒಬ್ಬರು ಅಲ್ಲಿ ಸ್ವರಮೇಳ ಸಪ್ಪೆಯಾಗಿದೆ, ಬದಲಿಸಿ ಎಂದರು. ಇನ್ನೊಬ್ಬರು ಹತ್ತು ಬಾರ್ ಕತ್ತರಿಸಿ ಎಂದರು. ಮತ್ತೊಬ್ಬರು ಲಯವನ್ನು ಚುರುಕುಗೊಳಿಸಿ ಎಂದರು. ಮೂರನ್ನೂ ಮಾಡಿ ನೋಡಿದೆ. ಸ್ವರಮೇಳ ಬದಲಿಸಿದಾಗ ಸಪ್ಪೆ ಹೋಗಿ ಗಲಿಬಿಲಿಯಾಯಿತು. ಹತ್ತು ಬಾರ್ ಕತ್ತರಿಸಿದಾಗ ಅದೇ ಆಯಾಸ ಹತ್ತು ಬಾರ್ ಮುಂಚೆ ಕಾಣಿಸಿಕೊಂಡಿತು. ವೇಗ ಹೆಚ್ಚಿಸಿದಾಗ ಆಯಾಸಗೊಂಡವನನ್ನು ಓಡಿಸಿದಂತಾಯಿತು. ಮೂರು ಔಷಧಿಗಳೂ ಸುಳ್ಳಾದ ಮೇಲೂ ಮೂವರೂ ಒಂದೇ ಜಾಗವನ್ನು ಮುಟ್ಟಿ ‘ಇಲ್ಲಿ ನೋವು’ ಎಂದಿದ್ದು ಸುಳ್ಳಾಗಿರಲು ಸಾಧ್ಯವಿಲ್ಲ ಎಂದು ನನಗೆ ಅನಿಸುತ್ತಲೇ ಇತ್ತು.

ನನ್ನ ಹಿನ್ನೆಲೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಶಿರಸಿಯಲ್ಲಿ ಬೆಳೆದ ನಾನು ಹತ್ತು ವರ್ಷ ಹಿಂದೂಸ್ತಾನಿ ಹಾಡಿಕೆ ಕಲಿತವಳು, ಜೊತೆಗೆ ಹಾರ್ಮೋನಿಯಂ. ಕೆಲಸಕ್ಕೆಂದು ಕಾರವಾರಕ್ಕೆ ಬಂದ ಮೇಲೆ, ಚರ್ಚಿನ ಗಾಯನವೃಂದಕ್ಕೆ ಕೀಬೋರ್ಡ್ ನುಡಿಸುತ್ತಿದ್ದ ಹಿರಿಯರೊಬ್ಬರ ಬಳಿ ಪಾಶ್ಚಾತ್ಯ ಸ್ವರಲಿಪಿ, ಸ್ವರಮೇಳಗಳನ್ನು ಕಲಿತೆ. ಕಾಳಿ ನದಿ ದಾಟಿ ಸ್ವಲ್ಪ ದೂರ ಹೋದರೆ ಗೋವಾ. ಪೋರ್ಚುಗೀಸರ ಕಾಲದಲ್ಲಿ ಅಲ್ಲಿನ ಚರ್ಚ್ ಶಾಲೆಗಳಲ್ಲಿ ಸ್ವರಲಿಪಿ ಓದುವುದನ್ನು, ಪಿಟೀಲು ನುಡಿಸುವುದನ್ನು ಮಕ್ಕಳಿಗೆ ಕಲಿಸುತ್ತಿದ್ದರು. ಮುಂಬಯಿಯ ಸಿನಿಮಾ ವಾದ್ಯವೃಂದಗಳಲ್ಲಿ ಅಷ್ಟೊಂದು ಗೋವಾದವರು ಇದ್ದದ್ದು ಅದರಿಂದಲೇ. ಆ ನೆಲದ ಗಾಳಿ ಕಾರವಾರದ ಕೊಂಕಣಿ ಕ್ರೈಸ್ತರ ಮನೆಗಳಿಗೂ ಬೀಸಿದೆ. ಹಾಗಾಗಿ ನನ್ನ ಒಂದು ಕಿವಿ ಘಟ್ಟದ ಮೇಲಿನದು, ಇನ್ನೊಂದು ಕರಾವಳಿಯದು. ತಂತಿವಾದ್ಯವನ್ನು ಮಾತ್ರ ನಾನು ಕೈಯಲ್ಲಿ ಹಿಡಿದವಳಲ್ಲ. ಅದರ ಬೆಲೆಯನ್ನು ಅಕ್ಟೋಬರ್‌ನಲ್ಲಿ ತೆತ್ತೆ.

ಮಡಗಾಂವಿನ ಒಂದು ಮಧ್ಯಾಹ್ನ

ನನ್ನ ಗುರುಗಳ ಪರಿಚಯದಿಂದ ಮಡಗಾಂವಿನಲ್ಲಿ ನಾಲ್ವರು ಒಂದು ಭಾನುವಾರ ಸೇರಿ ಇದನ್ನು ಓದಿ ನುಡಿಸಲು ಒಪ್ಪಿದರು. ಬೆಳಗಿನ ರೈಲು ಹತ್ತಿದೆ. ಕಾಳಿಯ ಸೇತುವೆ, ಅಸ್ನೋಟಿ, ಕಾಣಕೋಣ. ಮಡಿಲಲ್ಲಿ ನಾಲ್ಕು ಹಾಳೆಕಟ್ಟುಗಳು, ಪ್ಲಾಸ್ಟಿಕ್ ಚೀಲದೊಳಗೆ. ಅದುವರೆಗೆ ಈ ಸಂಗೀತವನ್ನು ನಾನು ಕೇಳಿದ್ದು ಸ್ವರಲಿಪಿ ಬರೆಯುವ ತಂತ್ರಾಂಶದಿಂದ ಮಾತ್ರ. ಅದಕ್ಕೆ ಏದುಸಿರಿಲ್ಲ, ತೋಳು ಸೋಲುವುದಿಲ್ಲ, ಪುಟ ತಿರುಗಿಸುವ ಅಗತ್ಯವಿಲ್ಲ. ಬರೆದದ್ದನ್ನೆಲ್ಲ ಅದು ನುಡಿಸಿಬಿಡುತ್ತದೆ. ಅದು ತಪ್ಪಿಲ್ಲದೆ ನುಡಿಸಿದ್ದನ್ನೇ ನಾನು ತಪ್ಪಿಲ್ಲದೆ ಬರೆದಿದ್ದೇನೆ ಎಂಬುದಕ್ಕೆ ಸಾಕ್ಷಿಯೆಂದು ತಿಳಿದಿದ್ದೆ.

ಹಳೆಯ ಮನೆ, ತಂಪು ನೆಲ, ಊಟದ ಮೇಜನ್ನು ಗೋಡೆಗೆ ಸರಿಸಿ ನಾಲ್ಕು ಕುರ್ಚಿ ಹಾಕಿದ್ದರು. ಆರಂಭಿಸಿ ಇಪ್ಪತ್ತು ಬಾರ್ ಆಗುವಷ್ಟರಲ್ಲಿ ಎರಡನೇ ಪಿಟೀಲಿನ ಹುಡುಗ ನಿಲ್ಲಿಸಿದ. ನಾನು ಅವನಿಗೆ ಎ ಮತ್ತು ಸಿ ಎಂಬ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಲು ಕೊಟ್ಟಿದ್ದೆ. ಎರಡೂ ಡಿ ತಂತಿಗಿಂತ ಕೆಳಗಿನವು. ಪಿಟೀಲಿನಲ್ಲಿ ಡಿಗಿಂತ ಕೆಳಗೆ ಇರುವುದು ಜಿ ತಂತಿಯೊಂದೇ. ಒಂದೇ ತಂತಿಯ ಮೇಲೆ ಏಕಕಾಲಕ್ಕೆ ಎರಡು ಸ್ವರ ಹೇಗೆ ಬರಬೇಕು? ಅವನು ನನಗೆ ಏನನ್ನೂ ಹೇಳಲಿಲ್ಲ. ಪಿಟೀಲನ್ನು ನನ್ನತ್ತ ತಿರುಗಿಸಿ, ಎರಡು ಬೆರಳುಗಳನ್ನು ಒಂದೇ ತಂತಿಯ ಮೇಲಿಟ್ಟು ತೋರಿಸಿದ. ಹಾರ್ಮೋನಿಯಂನಲ್ಲಿ ಹತ್ತಿರಹತ್ತಿರದ ಎರಡು ಮನೆಗಳು ಅವು. ಇಷ್ಟು ವರ್ಷ ಮನೆಗಳನ್ನು ಒತ್ತಿದ ನನ್ನ ಬೆರಳು ಪಿಟೀಲಿನವರಿಗಾಗಿ ಬರೆದಿತ್ತು.

ಚೆಲ್ಲೊದವರ ಸಮಸ್ಯೆ ಇನ್ನೊಂದು. ನಾನು ಒಂದು ಭಾವ ಎಲ್ಲಿಂದ ಎಲ್ಲಿಯವರೆಗೆ ಹರಿಯುತ್ತದೆಂದು ತೋರಿಸಲು ಸ್ವರಗಳ ಮೇಲೆ ಉದ್ದುದ್ದ ಬಾಗುಗೆರೆ ಎಳೆದಿದ್ದೆ. ಕೀಬೋರ್ಡಿನವರು ಹಾಗೆ ಎಳೆಯುವುದುಂಟು. ತಂತಿವಾದ್ಯದವರಿಗೆ ಆ ಗೆರೆಯ ಅರ್ಥವೇ ಬೇರೆ: ಅಷ್ಟೂ ಸ್ವರಗಳನ್ನು ಕಮಾನಿನ ಒಂದೇ ಎಳೆತದಲ್ಲಿ ನುಡಿಸಿ ಎಂದು. ‘ಇಲ್ಲಿ ನನ್ನ ಕಮಾನು ಕಾಲು ಭಾಗಕ್ಕೇ ಮುಗಿಯುತ್ತದೆ’ ಎಂದು ಅವರು ಶಾಂತವಾಗಿ ಹೇಳಿ, ಪೆನ್ಸಿಲಿನಿಂದ ಗೆರೆಯನ್ನು ನಾಲ್ಕು ತುಂಡು ಮಾಡಿಕೊಂಡರು. ತುಂಡು ಮಾಡಿದ ಮೇಲೆ ನುಡಿಸಿದಾಗ ನಾನು ಬಯಸಿದ ಹರಿವು ಮೊದಲ ಬಾರಿಗೆ ಕೇಳಿಸಿತು. ಪ್ರತಿ ತುಂಡಿನ ಕೊನೆಯಲ್ಲಿ ಕಮಾನು ತಿರುಗುವ ಆ ಕ್ಷಣದಲ್ಲಿ ಉಸಿರಿತ್ತು. ಖ್ಯಾಲ್ ಹಾಡುವವಳಾಗಿ ಉಸಿರಿನ ಲೆಕ್ಕ ನನಗೆ ಹೊಸದಲ್ಲ. ಕಮಾನಿಗೂ ಉಸಿರಿದೆ ಎಂಬುದನ್ನು ಯೋಚಿಸಿರಲಿಲ್ಲ, ಅಷ್ಟೆ.

ವಯೋಲಾ ನುಡಿಸುತ್ತಿದ್ದವರು ನನ್ನ ಅಮ್ಮನ ವಯಸ್ಸಿನ ಹೆಂಗಸು. ಬಹಳ ಹೊತ್ತು ಮಾತೇ ಆಡಲಿಲ್ಲ. ಪುಟ ತಿರುಗಿಸಬೇಕಾದ ಜಾಗದಲ್ಲಿ ನಾನು ಅವರಿಗೆ ಒಂದು ಬಾರ್ ವಿರಾಮವನ್ನೂ ಇಟ್ಟಿರಲಿಲ್ಲ. ಅಲ್ಲಿ ಬಂದಾಗಲೆಲ್ಲ ಅವರು ನುಡಿಸುವುದನ್ನು ಬಿಟ್ಟು, ಹಾಳೆ ಮಗುಚಿ, ಮತ್ತೆ ಸೇರಿಕೊಳ್ಳುತ್ತಿದ್ದರು. ನನ್ನ ಎದೆ ಹಿಂಡಿದ್ದು ಇನ್ನೊಂದಕ್ಕೆ: ಅವರು ಬಿಟ್ಟಾಗ ಸಂಗೀತದಲ್ಲಿ ಏನೂ ಕೊರತೆಯಾಗುತ್ತಿರಲಿಲ್ಲ. ಒಂದು ಸಲ ಪೂರ್ತಿ ನುಡಿಸಿ ಮುಗಿಸಿದ ಮೇಲೆ, ಎಲ್ಲರೂ ಚಹಾಕ್ಕೆ ಏಳುವಾಗ, ಅವರು ಹಾಳೆಯ ಮೇಲೆ ಕಮಾನಿನ ತುದಿಯಿಟ್ಟು ಕೊಂಕಣಿಯಲ್ಲಿ ಕೇಳಿದರು: ‘ಇಲ್ಲಿ ನಾನು ಯಾರ ಜೊತೆಗಿದ್ದೇನೆ?’

ಕ್ವಾರ್ಟೆಟ್ ನುಡಿಸುವವರು ಅಭ್ಯಾಸದಲ್ಲಿ ಸಹಜವಾಗಿ ಕೇಳುವ ಪ್ರಶ್ನೆಯಿದು. ಈ ಸ್ವರದಲ್ಲಿ ನಾನು ಚೆಲ್ಲೊವಿನೊಡನೆ ನಡೆಯಬೇಕೋ, ಎರಡನೇ ಪಿಟೀಲಿಗೆ ಹೆಗಲು ಕೊಡಬೇಕೋ, ಮೊದಲನೆಯವರ ಮಾತಿಗೆ ಎದುರಾಡಬೇಕೋ ಎಂದು ತಿಳಿದರೆ ಎಷ್ಟು ಗಟ್ಟಿಯಾಗಿ, ಯಾವ ಬಣ್ಣದಲ್ಲಿ ನುಡಿಸಬೇಕೆಂಬುದು ತಾನೇ ತಿಳಿಯುತ್ತದೆ. ಅವರು ಕೇಳಿದ್ದರಲ್ಲಿ ಆಕ್ಷೇಪದ ಸುಳಿವೂ ಇರಲಿಲ್ಲ. ನಾನು ಹಾಳೆ ನೋಡಿದೆ. 34ನೇ ಬಾರ್‌ನಿಂದ ನಲವತ್ತು ಬಾರ್‌ಗಳವರೆಗೆ ವಯೋಲಾಕ್ಕೆ ನಾನು ಬರೆದದ್ದು ಉಳಿದ ಸ್ವರಗಳ ನಡುವೆ ಬಿಟ್ಟುಹೋದ ಸಂದಿಗಳನ್ನು ತುಂಬುವ ಸ್ವರಗಳನ್ನು. ಯಾರ ಜೊತೆಗೂ ಇರಲಿಲ್ಲ ಅವರು. ‘ಯೋಚಿಸಿ ಹೇಳುತ್ತೇನೆ’ ಎಂದೆ. ‘ಹೇಳಿ’ ಎಂದರು, ಅಷ್ಟೇ ಗಂಭೀರವಾಗಿ. ಹಿಂತಿರುಗುವ ರೈಲಿನಲ್ಲಿ ಕಿಟಕಿಯಾಚೆ ಏನು ಹಾದುಹೋಯಿತೋ ನೆನಪಿಲ್ಲ.

ಅಮೆಂಡನಿಗೆ ಬರೆದ ಪತ್ರ

ಆ ದಿನಗಳಲ್ಲಿ ನಾನು ಮತ್ತೆ ಮತ್ತೆ ನೆನೆದದ್ದು ಬೀಥೋವನ್‌ನ ಒಂದು ಪತ್ರವನ್ನು. 1799ರಲ್ಲಿ ಅವನು ತನ್ನ ಕ್ವಾರ್ಟೆಟ್ ಒಂದರ ಪ್ರತಿಯನ್ನು ಕಾರ್ಲ್ ಅಮೆಂಡ ಎಂಬ ಸ್ನೇಹಿತನಿಗೆ ಕೊಟ್ಟಿದ್ದ. ಅಮೆಂಡ ಸ್ವತಃ ಪಿಟೀಲು ನುಡಿಸುವವನು. ಎರಡು ವರ್ಷದ ನಂತರ, 1801ರಲ್ಲಿ, ಅದನ್ನು ಯಾರಿಗೂ ಕೊಡಬೇಡ, ಬಹಳ ಬದಲಿಸಿದ್ದೇನೆ, ಕ್ವಾರ್ಟೆಟ್ ಬರೆಯುವುದು ಹೇಗೆಂದು ನನಗೆ ಈಗಷ್ಟೇ ತಿಳಿದಿದೆ ಎಂಬರ್ಥದಲ್ಲಿ ಅವನಿಗೆ ಬರೆದ. ಆಗ ಬೀಥೋವನ್‌ಗೆ ಮೂವತ್ತು ವರ್ಷ. ಪಿಯಾನೊ ವಾದಕನಾಗಿ ವಿಯೆನ್ನಾದಲ್ಲಿ ಹೆಸರು ಮಾಡಿದ್ದವನು. ಎರಡೂ ಆವೃತ್ತಿಗಳು ಉಳಿದುಕೊಂಡಿವೆ, ಪಕ್ಕಪಕ್ಕದಲ್ಲಿಟ್ಟು ಕೇಳಬಹುದು. ಆರಂಭದಲ್ಲಿ ಬರುವ ಒಂದು ಪುಟ್ಟ ಸುತ್ತುಪಲುಕು ಮೊದಲ ಆವೃತ್ತಿಯಲ್ಲಿ ಎಲ್ಲರ ಕೈಯಲ್ಲೂ ಓಡಾಡುತ್ತದೆ. ತಿದ್ದಿದ್ದರಲ್ಲಿ ಅದು ಬರುವ ಸಲಗಳನ್ನು ಕಡಿಮೆ ಮಾಡಿದ್ದಾನೆ; ಹಾಗಾಗಿ ಬಂದಾಗ ಕಿವಿ ನಿಮಿರುತ್ತದೆ. ಜರ್ಮನ್ ಸಂಗೀತ ರಚನಕಾರ ಬ್ರಾಮ್ಸ್ ಅಂತೂ 1873ರಲ್ಲಿ, ತನ್ನ ನಲವತ್ತನೇ ವಯಸ್ಸಿನಲ್ಲಿ, ಮೊದಲ ಎರಡು ಕ್ವಾರ್ಟೆಟ್‌ಗಳನ್ನು ಪ್ರಕಟಿಸುವ ಮುನ್ನ ಇಪ್ಪತ್ತರಷ್ಟನ್ನು ಹಾಳುಮಾಡಿದ್ದಾಗಿ ಹೇಳಿಕೊಂಡಿದ್ದ. ನಾಲ್ಕೇ ವಾದ್ಯಗಳು, ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ದೊಡ್ಡ ವಾದ್ಯವೃಂದದಲ್ಲಿ ಒಬ್ಬನಿಗೆ ಕೆಲಸ ಕೊಡದಿದ್ದರೆ ಯಾರಿಗೂ ಗೊತ್ತಾಗದು. ನಾಲ್ವರಲ್ಲಿ ಒಬ್ಬರನ್ನು ಮರೆತರೆ ಮನೆಯ ಒಂದು ಕಂಬವನ್ನೇ ಮರೆತಂತೆ.

ಆದರೂ ನನಗೆ ಆ ಪತ್ರದಲ್ಲಿ ಎಲ್ಲಕ್ಕಿಂತ ಮುಟ್ಟುವುದು ಬೇರೆ. ತನ್ನ ಹಳೆಯ ಪ್ರತಿ ಸ್ನೇಹಿತನ ಬಳಿ ಇದೆ, ಅವನು ಅದನ್ನು ಪ್ರೀತಿಯಿಂದ ಇಟ್ಟುಕೊಂಡಿದ್ದಾನೆ ಎಂದು ಗೊತ್ತಿದ್ದೂ, ಅದು ಸಾಲದು ಎಂದು ಅವನಿಗೇ ಬರೆಯುವುದು. ಮೆಚ್ಚಿಗೆಯನ್ನು ಹಿಂತಿರುಗಿಸುವುದಕ್ಕೆ ಎಷ್ಟು ಗಟ್ಟಿ ಎದೆ ಬೇಕು.

ಮಾವನ ಮೆಟ್ಟುಗತ್ತಿ

ಡಿಸೆಂಬರ್ ರಜೆಯಲ್ಲಿ ದೇವಿಮನೆ ಘಟ್ಟ ಹತ್ತಿ ಸೋದರಮಾವನ ಮನೆಗೆ ಹೋದೆ. ಶಿರಸಿಯಿಂದ ಸಿದ್ದಾಪುರದ ದಾರಿಯಲ್ಲಿ, ತೋಟದ ತಲೆಯ ಮೇಲಿರುವ ಮನೆ. ಅಡಿಕೆ ಸುಲಿಯುವ ಕಾಲ. ಅಂಗಳದ ಚಪ್ಪರದಡಿ ದೀಪ ಹಾಕಿಕೊಂಡು ರಾತ್ರಿ ಹನ್ನೊಂದರವರೆಗೂ ಸುಲಿತ ನಡೆಯುತ್ತದೆ. ಹಿತ್ತಲ ಕಡೆಯಿಂದ ಅಡಿಕೆ ಬೇಯಿಸಿದ ಚೊಗರಿನ ಒಗರು ವಾಸನೆ. ಮಾವನಿಗೆ ಎಪ್ಪತ್ತೆರಡು. ಪಾಶ್ಚಾತ್ಯ ಸಂಗೀತದ ಒಂದು ಸ್ವರವೂ ಅವನಿಗೆ ತಿಳಿಯದು. ಆದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನದ ಪ್ರಸಂಗ ನಡೆಸುವ ತಾಳಮದ್ದಲೆಯಲ್ಲಿ ನಲವತ್ತು ವರ್ಷ ಅರ್ಥ, ಅಂದರೆ ಪಾತ್ರದ ಮಾತು, ಹೇಳಿದವನು. ಅವನ ವಾಲಿಯನ್ನು, ಕರ್ಣನನ್ನು ನೆನಪಿಟ್ಟುಕೊಂಡವರು ಆ ಸೀಮೆಯಲ್ಲಿ ಇನ್ನೂ ಇದ್ದಾರೆ. ‘ಅದೇನೋ ಬರೆದಿದ್ದೀಯಂತಲ್ಲ ತಂಗೀ, ಹಾಕು ಕೇಳೋಣ’ ಎಂದ. ಮಡಗಾಂವಿನಲ್ಲಿ ಮೊಬೈಲಿನಲ್ಲಿ ಮುದ್ರಿಸಿಕೊಂಡದ್ದನ್ನು ಹಾಕಿ, ಅಡಿಕೆ ಬುಟ್ಟಿಯ ಪಕ್ಕದ ಮಣೆಯ ಮೇಲಿಟ್ಟೆ.

ಅವನು ಸುಲಿಯುವುದನ್ನು ನಿಲ್ಲಿಸಲಿಲ್ಲ. ಮೆಟ್ಟುಗತ್ತಿಯ ಅಲಗಿಗೆ ಅಡಿಕೆಯನ್ನು ಒತ್ತಿ, ಸಿಪ್ಪೆ ಸೀಳಿ, ಬೆಟ್ಟೆಯನ್ನು ಬುಟ್ಟಿಗೆ ಎಸೆಯುವ ಕೆಲಸಕ್ಕೆ ಕಣ್ಣೂ ಬೇಡ ಅವನಿಗೆ. ಚರಕ್, ಟಪ್. ಚರಕ್, ಟಪ್. ಸಂಗೀತ ಶುರುವಾದಾಗ ಆ ಸದ್ದು ನಿಧಾನವಾಯಿತು. ಮೊದಲ ಪಿಟೀಲು ಕೋಮಲ ರಿಷಭವೆಂಬ ಸ್ವರದ ಮೇಲೆ ನಿಂತಾಗ ಒಂದು ಅಡಿಕೆ ಅಲಗಿನ ಮೇಲೆಯೇ ಕೂತಿತು, ಕೈ ಒತ್ತಲಿಲ್ಲ. ನಾನು ಉಸಿರು ಬಿಗಿಹಿಡಿದು ಆ ಕೈಯನ್ನೇ ನೋಡುತ್ತಿದ್ದೆ. ಒಂದೂವರೆ ನಿಮಿಷದ ಹೊತ್ತಿಗೆ ಚರಕ್, ಟಪ್ ಮತ್ತೆ ತನ್ನ ಹಳೆಯ ನಡೆಗೆ ಬಂತು. ಆಮೇಲೆ ಕೊನೆಯವರೆಗೂ ಅದು ತಪ್ಪಲೇ ಇಲ್ಲ, ಒಂದೇ ಲಯ. ಮಾವ ತಲೆದೂಗುತ್ತಲೇ ಇದ್ದ. ಮುಖದಲ್ಲಿ ಅಕ್ಕರೆ ಹಾಗೆಯೇ ಇತ್ತು. ಕೈ ಮಾತ್ರ ಎದ್ದು ಹೋಗಿತ್ತು.

ಮುಗಿದ ಮೇಲೆ ಕೇಳಿದ: ‘ಎಷ್ಟು ಜನ ಕೂತಿದ್ದಾರೆ?’

‘ನಾಲ್ವರು, ಮಾವ.’

‘ನನಗೆ ಅರ್ಥ ಕೇಳಿಸಿದ್ದು ಒಬ್ಬನದೇ. ಚೆನ್ನಾಗಿ ಹೇಳಿದ. ಆದರೆ ಅವನ ಪೀಠಿಕೆಯೇ ಮುಗಿಯಲಿಲ್ಲವಲ್ಲ, ಉಳಿದವರು ಹೂಂಗುಟ್ಟುತ್ತ ಕೂತರು. ಸಂವಾದ ಯಾವಾಗ?’

ನಾನು ಸುಮ್ಮನಿದ್ದೆ. ಅತ್ತೆ ಕಷಾಯ ತಂದಿಟ್ಟಳು. ಮಾವ ಲೋಟ ಎತ್ತಿಕೊಂಡು, ಮಾತನ್ನು ತನ್ನ ದಾರಿಯಲ್ಲೇ ಮುಂದುವರಿಸಿದ. ವಾಲಿವಧೆಯಲ್ಲಿ ವಾಲಿ ಬಿದ್ದಲ್ಲಿಂದ ರಾಮನನ್ನು ಪ್ರಶ್ನಿಸುತ್ತಾನೆ. ವಾಲಿಯಾಗಿ ಕೂತಾಗ ತಾನು ಒಂದು ಎಚ್ಚರ ಇಟ್ಟುಕೊಳ್ಳುತ್ತಿದ್ದೆ ಎಂದ: ಪ್ರಶ್ನೆಯನ್ನು ತಾನೇ ಪೂರ್ತಿ ಮುಚ್ಚಬಾರದು. ಮುಚ್ಚಿದರೆ ಎದುರಿನವನಿಗೆ ಹೊಗಳುವುದು ಅಥವಾ ಸುಮ್ಮನಿರುವುದು, ಎರಡೇ ಉಳಿಯುತ್ತದೆ. ‘ರಾಮನಾದವನಿಗೆ ಹಿಡಿಯಲು ಒಂದು ಎಳೆ ಬಿಡಬೇಕು. ಅವನು ಅದನ್ನು ಹಿಡಿದು ಎಳೆದಾಗ ನನಗೆ ನೋಯಬೇಕು. ಆಗ ಸಭೆ ನಿದ್ದೆ ಮಾಡುವುದಿಲ್ಲ.’

1829ರಲ್ಲಿ ಜರ್ಮನ್ ಕವಿ ಗಯಟೆ ತನ್ನ ಸ್ನೇಹಿತ, ಸಂಗೀತಗಾರ ಸೆಲ್ಟರ್‌ಗೆ ಬರೆದ ಪತ್ರದಲ್ಲಿ, ಕ್ವಾರ್ಟೆಟ್ ಕೇಳುವುದೆಂದರೆ ನಾಲ್ಕು ಮಂದಿ ವಿವೇಕಿಗಳು ಪರಸ್ಪರ ಮಾತಾಡುವುದನ್ನು ಕೇಳಿದಂತೆ ಎಂದಿದ್ದಾನೆ. ಪುಸ್ತಕಗಳಲ್ಲಿ ಈ ಮಾತನ್ನು ಎಷ್ಟೋ ಸಲ ಓದಿದ್ದೆ, ಗೆರೆ ಹಾಕಿದ್ದೆ. ಅದನ್ನು ಮಾವನಿಗೆ ಹೇಳಿದೆ. ಅವನು ಸ್ವಲ್ಪ ಯೋಚಿಸಿ, ‘ವಿವೇಕಿಗಳೇ ಸರಿ, ಅವರಲ್ಲಿ ಜಗಳವಾಗುವುದಿಲ್ಲವೇ?’ ಎಂದ. ಕೃಷ್ಣಸಂಧಾನದಲ್ಲಿ ಕೌರವನೂ ಕೃಷ್ಣನೂ ಇಬ್ಬರೂ ತಿಳಿದವರೇ ಅಲ್ಲವೇ ಎಂಬುದು ಅವನ ವಾದ.

34ನೇ ಬಾರ್

ಆ ರಾತ್ರಿ ಮಾಳಿಗೆಯ ಮೇಲೆ ಮಲಗಿ ಲೆಕ್ಕ ಹಾಕಿದೆ. ಮೆಟ್ಟುಗತ್ತಿ ಹಳೆಯ ಲಯಕ್ಕೆ ಮರಳಿದ ಒಂದೂವರೆ ನಿಮಿಷ ಎಂದರೆ 34ನೇ ಬಾರ್. ವಯೋಲಾದವರು ಕಮಾನಿನ ತುದಿಯಿಟ್ಟು ತೋರಿಸಿದ್ದೂ ಅಲ್ಲಿಂದಲೇ. ಮೂವರು ಆಯಾಸಗೊಂಡದ್ದು ಮೂರು ನಿಮಿಷದ ಹತ್ತಿರ, 70ರಲ್ಲಿ. ಅಲ್ಲಿ ಅವರಿಗೆ ಅರಿವಾಗಿತ್ತು, ಅಷ್ಟೆ. ಕಾರಣ ಒಂದೂವರೆ ನಿಮಿಷ ಹಿಂದೆ ನಡೆದುಹೋಗಿತ್ತು. ಊಟದಲ್ಲಿ ಏನೋ ಹೆಚ್ಚುಕಡಿಮೆಯಾದರೆ ಹೊಟ್ಟೆ ಹೇಳುವುದು ನಡುರಾತ್ರಿಯಲ್ಲವೇ? ನಾನು ನಡುರಾತ್ರಿಯನ್ನು ತಿದ್ದುತ್ತ ಕೂತಿದ್ದೆ.

ಹಾಗಾದರೆ 34ರಲ್ಲಿ ನಾನು ಮಾಡಿದ್ದೇನು? ಈ ಭಾಗಕ್ಕೆ ಆಧಾರ ಮಾರ್ವಾ ರಾಗ. ಕೋಮಲ ರಿಷಭ, ತೀವ್ರ ಮಧ್ಯಮ, ಪಂಚಮವಿಲ್ಲ. ಕಾರವಾರದ ಕಡಲ ದಂಡೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ನನ್ನೊಳಗೆ ತಾನಾಗಿ ಬರುವ ರಾಗ ಅದು. ಮಾರ್ವಾದ ಜೀವ ರಿಷಭ ಮತ್ತು ಧೈವತಗಳಲ್ಲಿದೆ. ಮನೆಯಂತಿರುವ ಆಧಾರಸ್ವರ ಷಡ್ಜವನ್ನು ಹಾಡುಗಾರರು ಸುತ್ತಿ ಬಳಸಿ ಹೋಗುತ್ತಾರೆ, ಬಹಳ ಹೊತ್ತು ಮುಟ್ಟುವುದೇ ಇಲ್ಲ. ‘ಮನೆಗೆ ಹೋಗುವ ಆತುರ ಬೇಡ’ ಎಂದು ಶಿರಸಿಯಲ್ಲಿ ನನ್ನ ಗುರುಗಳು ಹದಿನಾಲ್ಕನೇ ವಯಸ್ಸಿನಲ್ಲೇ ಹೇಳಿದ್ದರು. ಆದರೆ ಕ್ವಾರ್ಟೆಟ್ ಬರೆಯುವಾಗ, ವಯೋಲಾ ಮತ್ತು ಚೆಲ್ಲೊ ಎರಡಕ್ಕೂ ಅತಿ ಕೆಳಗಿನ ತೆರೆದ ತಂತಿ ಸಿ ಆಗಿರುವುದರಿಂದ ಷಡ್ಜವನ್ನು ಸಿ ಎಂದು ಇಟ್ಟುಕೊಂಡೆ. 34ನೇ ಬಾರ್‌ನಲ್ಲಿ ಮೊದಲ ಪಿಟೀಲಿನ ಮಾತು ಮುಗಿಯುತ್ತಲೇ ಚೆಲ್ಲೊ ತನ್ನ ತೆರೆದ ಸಿ ತಂತಿಯನ್ನು ಎಳೆಯುತ್ತದೆ, ನಾಲ್ವರೂ ಷಡ್ಜದ ಮೇಲೆ ಕೂರುತ್ತಾರೆ. ಪಾಶ್ಚಾತ್ಯ ವ್ಯಾಕರಣದಲ್ಲಿ ಲಕ್ಷಣವಾದ ನಿಲುಗಡೆ ಅದು. ಕಿವಿಗೂ ಹಿತ. ಆ ತೆರೆದ ತಂತಿಯ ನಾದ ನನಗೆ ಎಷ್ಟು ಇಷ್ಟವಾಗಿತ್ತೆಂದರೆ, ಅಲ್ಲಿ ಕಥೆಯೇ ಮುಗಿದುಹೋಯಿತೆಂಬುದು ಕಾಣಲಿಲ್ಲ. ಮುಂದಿನ ನೂರಕ್ಕೂ ಹೆಚ್ಚು ಬಾರ್‌ಗಳು ಮನೆಗೆ ತಲುಪಿದವರು ಮತ್ತೆ ಮತ್ತೆ ಮೆಟ್ಟಿಲಿಳಿದು ಹತ್ತಿದ ಹಾಗೆ.

ಜನವರಿಯಲ್ಲಿ ಅಲ್ಲಿಂದ ಮತ್ತೆ ಬರೆಯಲು ಕೂತೆ. ಚೆಲ್ಲೊವಿನ ಸಿ ತಂತಿಯನ್ನು ಅಳಿಸಿದೆ. ಅದು ಈಗ 121ನೇ ಬಾರ್‌ವರೆಗೆ ಕೇಳುವುದೇ ಇಲ್ಲ. 34ರಲ್ಲಿ ಮೊದಲ ಪಿಟೀಲು ಷಡ್ಜದ ಕಡೆಗೆ ಇಳಿಯುವಾಗ ವಯೋಲಾ ಅದಕ್ಕೆ ಅಡ್ಡ ಬರುತ್ತದೆ. ಸಿ ತಂತಿಯ ಮೇಲೆಯೇ, ಮೊದಲ ಬೆರಳನ್ನು ವಾದ್ಯದ ತಲೆಯತ್ತ ಹಿಂದಕ್ಕೆ ಎಳೆದು ಒತ್ತಿ, ಷಡ್ಜಕ್ಕಿಂತ ಒಂದೇ ಎಳೆ ಮೇಲಿರುವ ಕೋಮಲ ರಿಷಭವನ್ನು ಹಿಡಿದು ನಿಲ್ಲುತ್ತದೆ. ಎರಡು ಬಾರ್, ಒಂಟಿಯಾಗಿ. ಬೇಕೆಂದೇ ಕಮಾನು ಎರಡು ಸಲ ತಿರುಗುವಂತೆ ಬಾಗುಗೆರೆ ಬರೆದಿದ್ದೇನೆ. ಮೊದಲ ಪಿಟೀಲು ಇಳಿದ ಮೆಟ್ಟಿಲನ್ನು ಮತ್ತೆ ಹತ್ತಬೇಕಾಗುತ್ತದೆ. ಪುಟ ತಿರುಗಿಸುವಲ್ಲಿ ಮೂರು ಬಾರ್ ವಿರಾಮ ಇಟ್ಟೆ. ಆ ಮೂರು ಬಾರ್‌ಗಳಲ್ಲಿ ವಯೋಲಾ ಇಲ್ಲವೆಂಬುದು ಈಗ ಕೇಳಿಸುತ್ತದೆ.

ಹೊಸ ಹಾಳೆಯನ್ನು ಮಡಗಾಂವಿಗೆ ಕಳಿಸುವಾಗ ಅವರ ಪ್ರಶ್ನೆಗೆ ಒಂದೇ ಸಾಲು ಬರೆದೆ: 34ರಲ್ಲಿ ನೀವು ಯಾರ ಜೊತೆಗೂ ಇಲ್ಲ, ಮೊದಲ ಪಿಟೀಲಿಗೆ ಎದುರಾಗಿದ್ದೀರಿ.

ನಾಲ್ಕು ದಿನ ಉತ್ತರವಿರಲಿಲ್ಲ. ಐದನೆಯ ರಾತ್ರಿ ಮೊಬೈಲಿಗೆ ಒಂದು ಧ್ವನಿಮುದ್ರಿಕೆ ಬಂತು. ಮಾತಿಲ್ಲ. ಫ್ಯಾನಿನ ಸದ್ದು, ಕುರ್ಚಿ ಸರಿದ ಸದ್ದು, ಆಮೇಲೆ ವಯೋಲಾ ಒಂದೇ, 33ರಿಂದ 40ರವರೆಗೆ. ರಿಷಭದ ಮೇಲೆ ಬಂದಾಗ ಕಮಾನನ್ನು ವಾದ್ಯದ ಮೇಲೆ ತಂತಿಗಳನ್ನು ಹೊತ್ತ ಸೇತುವೆಯ ಹತ್ತಿರ ಸರಿಸಿದರೆಂದು ಕಾಣುತ್ತದೆ, ನಾದ ಒರಟಾಯಿತು, ಗಂಟಲು ಕಟ್ಟಿದವರು ಬಿಡದೆ ಮಾತಾಡಿದ ಹಾಗೆ. ನಾನು ಹಾಗೆ ಬರೆದಿರಲಿಲ್ಲ. ಅದೇ ಸರಿ ಎನಿಸಿ ಹಾಳೆಯಲ್ಲಿ ಸೇರಿಸಿಕೊಂಡೆ. ಅದರ ಕೆಳಗೆ ಒಂದು ಸಾಲಿನ ಸಂದೇಶವಿತ್ತು: ‘37ರಲ್ಲಿ ನಾನು ಇಷ್ಟು ಹೇಳಿದ ಮೇಲೆ ಎರಡನೇ ಪಿಟೀಲಿನವನು ಸುಮ್ಮನೇ ಇರುತ್ತಾನೆಯೇ?’

37ನೇ ಬಾರ್ ಮೇಜಿನ ಮೇಲಿದೆ. ಎರಡನೇ ಪಿಟೀಲಿನ ಸಾಲನ್ನು ಅಳಿಸಿದ್ದೇನೆ.